ಕಿತ್ತು ಹಾಕಿದಷ್ಟೂ ಸ್ಪೀಡು

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. "ಭಾನುವಾರ ಬೆಳಿಗ್ಗೆ ಎಲ್ಲಿ ಮಾಯ ಆಗ್ತೀರಿ?" ಅಂತ ಕೇಳ್ತಾನೇ ಇರೋ ಬ್ಲಾಗ್ ಮಿತ್ರರಿಗೆ ಇವತ್ತು ಪೂರ್ತಿ ಉತ್ತರ ಕೊಟ್ಟುಬಿಡ್ತೀನಿ. ನಾನು ವಿಮಾನ ಹಾರಿಸ್ತೀನಿ ಸ್ವಾಮಿ! ಗಾಬರಿಯಾಗಬೇಡಿ, ನಿಜವಾದ್ದಲ್ಲ. ಕೈಯಲ್ಲಿ ರಿಮೋಟ್ ಹಿಡಿದು ಹಾರಿಸೋ ಮಾಡೆಲ್ ವಿಮಾನ. ತುಮಕೂರಿನ ಹೊರಗೆ ಬೇಸಿಗೆಯಲ್ಲಿ ಒಣಗೋ ಒಂದು ಕೆರೆ ಇದೆ. ಅದರ ಅಂಗಳದಲ್ಲಿ ನಾವು ನಾಲ್ಕೈದು ಜನ ಬೆಳಿಗ್ಗೆ ಆರಕ್ಕೇ ಸೇರ್ತೀವಿ. ಬಿಸಿಲು ಏರೋ ಹೊತ್ತಿಗೆ ಕೈಗೆಲ್ಲ ಹರಳೆಣ್ಣೆ ಮೆತ್ತಿಕೊಂಡು ಮನೆಗೆ ವಾಪಸ್. ಹರಳೆಣ್ಣೆ ಯಾಕೆ ಅಂದ್ರೆ, ನಮ್ಮ ಗ್ಲೋ ಎಂಜಿನ್ನುಗಳು ಕುಡಿಯೋದು ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣ.

ಕೆರೆ ಏರಿ ಮೇಲೆ ನಿಂತು ನೋಡೋರು ಯಾವಾಗಲೂ ಎರಡೇ ಪ್ರಶ್ನೆ ಕೇಳೋದು. ಒಂದು, "ಎಷ್ಟು ಸ್ಪೀಡ್ ಹೋಗುತ್ತೆ ಸಾರ್?" ಎರಡು, "ಎಷ್ಟು ಖರ್ಚಾಯ್ತು?" ಬಹಳ ಜನರ ತಲೆಯಲ್ಲಿ ಇವೆರಡೂ ಒಂದೇ ಪ್ರಶ್ನೆ. ದುಡ್ಡು ಜಾಸ್ತಿ ಹಾಕಿದ್ರೆ ದೊಡ್ಡ ಎಂಜಿನ್, ದೊಡ್ಡ ಎಂಜಿನ್ ಹಾಕಿದ್ರೆ ಜಾಸ್ತಿ ಸ್ಪೀಡು. ಇಷ್ಟೇ ಲೆಕ್ಕ. ಈ ಲೆಕ್ಕ ಎಷ್ಟು ತಪ್ಪು ಅನ್ನೋದನ್ನ ಹೇಳೋದಕ್ಕೇ ಈ ಬರಹ.

ನಮ್ಮ ಗುಂಪಿನಲ್ಲಿ ಡಿಪ್ಲೊಮಾ ಓದ್ತಿರೋ ಒಬ್ಬ ಹುಡುಗ ಇದ್ದಾನೆ. ಹೆಸರು ಬೇಡ, ಹುಡುಗ ಅಂತಲೇ ಕರೆಯೋಣ. ತಂದೆ ಇಲ್ಲ. ಅಮ್ಮ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗ್ತಾರೆ. ರಜೆಯಲ್ಲಿ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡಿ, ಆ ದುಡ್ಡಲ್ಲಿ ಯಾರೋ ಬಿಟ್ಟುಹೋದ ಹಳೇ .25 ಸೈಜಿನ ಎಂಜಿನ್ ಕೊಂಡಿದ್ದ. ಅಂದ್ರೆ 4 ಸಿಸಿಗೆ ಒಂಚೂರು ಮೇಲೆ. ಅದನ್ನ ಒಂದು ಟ್ರೈನರ್ ವಿಮಾನಕ್ಕೆ ಹಾಕಿ ಒಂದು ವರ್ಷ ಚೆನ್ನಾಗಿಯೇ ಹಾರಿಸಿದ. ಆಮೇಲೆ ಶುರುವಾಯ್ತು ಸ್ಪೀಡಿನ ಹುಚ್ಚು. .46 ಎಂಜಿನ್ ಬೇಕು ಅಂತ ಹಟ. ಅದರ ಬೆಲೆ ಅವನಮ್ಮನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. "ಅಮ್ಮ ಓಲೆ ಅಡವಿಡ್ತೀನಿ ಅಂದಿದಾರೆ ಅಣ್ಣ, ಎರಡು ತಿಂಗಳಲ್ಲಿ ಬಿಡಿಸ್ಕೋತೀನಿ" ಅಂದ ಒಂದು ಭಾನುವಾರ. ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯ್ತು. ಬೇಡ ಅಂತ ಹೇಳೋಕೆ ನಾನ್ಯಾರು? ಆದ್ರೆ ಸುಮ್ಮನಿರೋಕೂ ಆಗಲಿಲ್ಲ.

ಬಾಯಿ ಬಿಟ್ಟವರು ಮೇಷ್ಟ್ರು. ನಮ್ಮ ಗುಂಪಿನ ಹಿರಿಯರು, ಐಟಿಐನಲ್ಲಿ ಫಿಟ್ಟರ್ ಪಾಠ ಮಾಡಿ ರಿಟೈರ್ ಆದವರು. ಒಂದು ಕಾಲದಲ್ಲಿ ಎನ್‌ಸಿಸಿ ಏರ್ ವಿಂಗ್ ಹುಡುಗರಿಗೆ ಏರೋಮಾಡೆಲಿಂಗ್ ಹೇಳಿಕೊಟ್ಟವರು. ಎಂಜಿನ್ ತಿರುಗಿಸಿ ತಿರುಗಿಸಿ ನೋಡಿದ್ರು, ಕಿವಿ ಹತ್ತಿರ ಇಟ್ಕೊಂಡು ಬೆರಳಲ್ಲಿ ತಿರುಗಿಸಿದ್ರು. ಆಮೇಲೆ, "ನೋಡಪ್ಪಾ, ಮೊದಲು ಈ ಎಂಜಿನ್ನಿನ ಋಣ ತೀರಿಸು. ಇದರಲ್ಲಿ ಇರೋದನ್ನೇ ನೀನಿನ್ನೂ ತಗೊಂಡಿಲ್ಲ. ಯುಗಾದಿವರೆಗೂ ಟೈಮ್ ಕೊಡು. ಆಮೇಲೂ ಸಾಲದು ಅನ್ಸಿದ್ರೆ ನಾನೇ ಬೇಡ ಅನ್ನಲ್ಲ" ಅಂದ್ರು. ಆಗ ಜನವರಿ. ಹುಡುಗ ಒಲ್ಲದ ಮನಸ್ಸಿಂದ ಹೂಂ ಅಂದ.

ಮೇಷ್ಟ್ರು ಮೊದಲು ಮಾಡಿಸಿದ ಕೆಲಸ ಅಳತೆ. "ಜೋರಾಗಿ ಹೋಯ್ತು ಅನ್ನೋದು ಮಾತಲ್ಲ, ಎಷ್ಟು ಸೆಕೆಂಡು ಹೇಳು" ಅನ್ನೋರು ಅವರು. ಕೆರೆ ಅಂಗಳದಲ್ಲಿ 200 ಮೀಟರ್ ಅಂತರಕ್ಕೆ ಎರಡು ಬಿದಿರು ಗಳ ನೆಟ್ಟು ಬಾವುಟ ಕಟ್ಟಿದ್ವಿ. ಒಂದೊಂದು ಗಳದ ಹತ್ತಿರ ಒಬ್ಬೊಬ್ಬರು, ಕೈಯಲ್ಲಿ ಸ್ಟಾಪ್‌ವಾಚು. ವಿಮಾನ ದೂರದಿಂದಲೇ ಒಂದೇ ಎತ್ತರದಲ್ಲಿ ಬರಬೇಕು. ಮೇಲಿಂದ ಧುಮುಕಿಸಿ ಬಂದ್ರೆ ಅದು ಎಂಜಿನ್ನಿನ ಸ್ಪೀಡಲ್ಲ, ಭೂಮ್ತಾಯಿ ಸ್ಪೀಡು :) ಹೋಗೋವಾಗ ಒಂದು, ಬರೋವಾಗ ಒಂದು. ಎರಡೂ ಕಡೆಯ ಸ್ಪೀಡ್ ಬೇರೆಬೇರೆ ಲೆಕ್ಕ ಹಾಕಿ ಸರಾಸರಿ ತಗೊಂಡ್ರೆ ಗಾಳಿಯ ಲಾಭನಷ್ಟ ಹೊಡೆದುಹೋಗುತ್ತೆ. ಹೀಗೆ ಐದು ಸಲ. ನಮ್ಮ ಬೆರಳು ಒತ್ತೋದರಲ್ಲೂ ಹೆಚ್ಚುಕಮ್ಮಿ ಇರುತ್ತಲ್ಲ, ಅದಕ್ಕೆ.

ಮೊದಲನೇ ದಿನ ಬಂದಿದ್ದು 8.8 ಸೆಕೆಂಡು. ಗಂಟೆಗೆ 82 ಕಿಲೋಮೀಟರ್.

ಹುಡುಗನ ಮುಖ ಸಪ್ಪಗಾಯ್ತು. ಅವನು ನೂರಿಪ್ಪತ್ತು ಅಂದ್ಕೊಂಡಿದ್ದ! ತಲೆ ಮೇಲೆ ಹಾದುಹೋಗೋ ಪುಟ್ಟ ವಿಮಾನ ನಮ್ಮ ಕಣ್ಣಿಗೆ ಯಾವಾಗಲೂ ಇರೋದಕ್ಕಿಂತ ಜಾಸ್ತಿ ಸ್ಪೀಡಾಗಿ ಕಾಣುತ್ತೆ.

ಈಗ ಸ್ವಲ್ಪ ಲೆಕ್ಕ. ಬೋರ್ ಅನ್ಸಿದ್ರೆ ಒಂದು ಪ್ಯಾರಾ ಹಾರಿಸಿಬಿಡಿ, ಆದ್ರೆ ಇಡೀ ಕತೆ ಇದರಲ್ಲೇ ಇದೆ. ಗಾಳಿ ವಿಮಾನವನ್ನ ಹಿಂದಕ್ಕೆ ಎಳೆಯೋ ಬಲಕ್ಕೆ ಡ್ರ್ಯಾಗ್ ಅಂತೀವಿ. ಸ್ಪೀಡ್ ಎರಡು ಪಟ್ಟಾದ್ರೆ ಡ್ರ್ಯಾಗ್ ನಾಲ್ಕು ಪಟ್ಟಾಗುತ್ತೆ. ಆ ನಾಲ್ಕು ಪಟ್ಟು ಬಲವನ್ನ ಎರಡು ಪಟ್ಟು ಸ್ಪೀಡಲ್ಲಿ ತಳ್ಳಬೇಕಾದ್ರೆ ಎಂಜಿನ್ನಿಗೆ ಎಂಟು ಪಟ್ಟು ಶಕ್ತಿ ಬೇಕು. ತಿರುಗಿಸಿ ನೋಡಿ. ಎಂಜಿನ್ ಶಕ್ತಿ ಎರಡು ಪಟ್ಟು ಮಾಡಿದ್ರೆ ಸ್ಪೀಡು ಹೆಚ್ಚೋದು ಶೇಕಡಾ 26 ಮಾತ್ರ! ಅಂದ್ರೆ ಓಲೆ ಅಡವಿಟ್ಟು .46 ತಂದು ಅದೇ ವಿಮಾನಕ್ಕೆ ಹಾಕಿದ್ರೂ 82 ಹೋಗಿ 103 ಆಗ್ತಿತ್ತು ಅಷ್ಟೇ. ಎಂಜಿನ್ನಿನ ಹೆಚ್ಚಿನ ಭಾರ, ದೊಡ್ಡ ಟ್ಯಾಂಕು ಎಲ್ಲ ಸೇರಿದ್ರೆ ಅದೂ ಇಲ್ಲ. ಈಗ ಇನ್ನೊಂದು ಕಡೆಯಿಂದ ನೋಡಿ. ಅದೇ ಎಂಜಿನ್ ಇಟ್ಕೊಂಡು ವಿಮಾನದ ಡ್ರ್ಯಾಗ್ ಅರ್ಧ ಮಾಡಿದ್ರೂ ಸಿಗೋದು ಅದೇ ಶೇಕಡಾ 26. ಇದಕ್ಕೆ ಬೇಕಾಗೋದು ಉಜ್ಜೋ ಕಾಗದ, ಫೆವಿಕಾಲ್, ತಾಳ್ಮೆ.

ಇದು ಬರೀ ಆಟದ ವಿಮಾನದ ಮಾತಲ್ಲ. ಮೇಷ್ಟ್ರು ಕೊಟ್ಟ ಉದಾಹರಣೆ ಕೇಳಿ. ಸೆಸ್ನಾ 150 ಅಂತ ಒಂದು ಪುಟ್ಟ ವಿಮಾನ, 1958ರಿಂದ 1977ರವರೆಗೆ ತಯಾರಾಯ್ತು. ಪ್ರಪಂಚದಾದ್ಯಂತ ಸಾವಿರಾರು ಪೈಲಟ್‌ಗಳು ಹಾರೋದು ಕಲಿತದ್ದು ಅದರಲ್ಲಿ. ಅದಕ್ಕೆ 100 ಅಶ್ವಶಕ್ತಿಯ ಕಾಂಟಿನೆಂಟಲ್ ಓ-200 ಎಂಜಿನ್. ಜೀವ ಹೋದ್ರೂ ಗಂಟೆಗೆ 200 ಕಿಲೋಮೀಟರ್ ಆಸುಪಾಸು. ಅಮೆರಿಕದ ಜಾನ್ ಶಾರ್ಪ್ ಅನ್ನೋರು 1991ರಲ್ಲಿ ಹಾರಿಸಿದ ನೆಮೆಸಿಸ್ ಅನ್ನೋ ಫಾರ್ಮುಲಾ ಒನ್ ರೇಸಿಂಗ್ ವಿಮಾನಕ್ಕೂ ಅದೇ ಓ-200 ಎಂಜಿನ್. ಸ್ಪೀಡು? 400 ಕಿಲೋಮೀಟರಿಗೂ ಮೇಲೆ! ರೇಸಿನಲ್ಲಿ ಎಂಜಿನ್ನನ್ನ ಮಾಮೂಲಿಗಿಂತ ಹೆಚ್ಚು ಸುತ್ತು ಓಡಿಸ್ತಾರೆ ನಿಜ, ಸ್ವಲ್ಪ ಹೆಚ್ಚು ಶಕ್ತಿ ಅಲ್ಲಿಂದ ಬರುತ್ತೆ. ಆದ್ರೆ ಎಂಟು ಪಟ್ಟು ಎಲ್ಲಿಂದ ಬರಬೇಕು? ಮುಖ್ಯವಾಗಿ ವಿಮಾನದ ಮೈಯಿಂದಲೇ ಬಂದಿದ್ದು. ಸೆಸ್ನಾದ ರೆಕ್ಕೆ ಸುಮಾರು 160 ಚದರ ಅಡಿ, ಫಾರ್ಮುಲಾ ಒನ್ ನಿಯಮದಲ್ಲಿ 66 ಚದರ ಅಡಿ ಇದ್ರೆ ಸಾಕು. ಜೊತೆಗೆ ಕನ್ನಡಿಯಂಥ ಮೈ, ಒಬ್ಬನೇ ಮಲಗಿದ ಹಾಗೆ ಕೂರೋ ಜಾಗ. ಆ ವಿಮಾನ ಈಗ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ.

ಹುಡುಗನ ಕಣ್ಣು ಅಗಲ ಆಯ್ತು. ಆದ್ರೂ ಅವನು ಮೊದಲು ಕೈ ಹಾಕಿದ್ದು ಸುಲಭದ ದಾರಿಗೇ, ಪ್ರೊಪೆಲ್ಲರಿಗೆ. ಪ್ರೊಪೆಲ್ಲರ್ ಮೇಲೆ ಎರಡು ನಂಬರ್ ಇರುತ್ತೆ. 9-4 ಅಂದ್ರೆ ಈ ತುದಿಯಿಂದ ಆ ತುದಿಗೆ 9 ಇಂಚು, ಒಂದು ಸುತ್ತಿಗೆ 4 ಇಂಚು ಮುಂದಕ್ಕೆ. ಸ್ಕ್ರೂ ಮರದೊಳಗೆ ಹೋದ ಹಾಗೆ. ಅವನ ಎಂಜಿನ್ ನೆಲದ ಮೇಲೆ ನಿಮಿಷಕ್ಕೆ 13,000 ಸುತ್ತು ತಿರುಗ್ತಿತ್ತು. ಗುಣಿಸಿ ನೋಡಿದ್ರೆ ಗಂಟೆಗೆ 79 ಕಿಲೋಮೀಟರ್. ಗಾಳಿಯಲ್ಲಿ ಪ್ರೊಪೆಲ್ಲರ್ ಮೇಲಿನ ಹೊರೆ ಇಳಿದು ಸುತ್ತು ಸ್ವಲ್ಪ ಏರೋದ್ರಿಂದ 82 ಬಂತು. ಆ ಪ್ರೊಪೆಲ್ಲರಿನಲ್ಲಿ ಅದಕ್ಕಿಂತ ಬಹಳ ಮುಂದೆ ಹೋಗೋ ದಾರಿಯೇ ಇರಲಿಲ್ಲ! 8-6 ಹಾಕಿದ. ಹೊರೆ ಹೆಚ್ಚುಕಮ್ಮಿ ಅಷ್ಟೇ, ಸುತ್ತೂ ಅಷ್ಟೇ, ಆದ್ರೆ ಲೆಕ್ಕದ ಪ್ರಕಾರ 120 ಹೋಗಬೇಕು. ಹೋಗಿದ್ದು 8.2 ಸೆಕೆಂಡು, 88 ಕಿಲೋಮೀಟರ್. ಮೇಲಾಗಿ ನೆಲ ಬಿಡೋಕೆ ಮೊದಲಿಗಿಂತ ಎರಡರಷ್ಟು ದೂರ ಓಡ್ತು. ಪ್ರೊಪೆಲ್ಲರ್ ನೂರಿಪ್ಪತ್ತಕ್ಕೆ ಸಿದ್ಧ, ವಿಮಾನದ ಮೈ ಒಪ್ಪಲಿಲ್ಲ.

"ಈಗ ಗೊತ್ತಾಯ್ತಾ? ಎತ್ತು ಸರಿಯಾಗೇ ಇದೆ, ಗಾಡಿ ನೋಡು" ಅಂದ್ರು ಮೇಷ್ಟ್ರು.

ಗಾಡಿ ಹೇಗಿತ್ತು ಅಂತ ಹೇಳ್ತೀನಿ. ದಪ್ಪ ರೆಕ್ಕೆ, ಅದನ್ನ ಹಿಡಿದಿಡೋಕೆ ಹತ್ತು ರಬ್ಬರ್ ಬ್ಯಾಂಡು. ಕೆಳಗೆ ಮೂರು ಚಕ್ರ, ತಂತಿಯ ಕಾಲು. ಮುಂದೆ ಎಂಜಿನ್ ಪೂರ್ತಿ ಗಾಳಿಗೆ ಒಡ್ಡಿಕೊಂಡು ಕೂತಿತ್ತು. ನಿಮಗೊಂದು ವಿಷಯ ಗೊತ್ತಾ? ದುಂಡಗಿರೋ 3 ಮಿಲಿಮೀಟರ್ ತಂತಿಯೊಂದು ಗಾಳಿಗೆ ಕೊಡೋ ತಡೆ, ರೆಕ್ಕೆಯ ಆಕಾರ ಕೊಟ್ಟ 30 ಮಿಲಿಮೀಟರ್ ದಪ್ಪದ ಪಟ್ಟಿ ಕೊಡೋ ತಡೆಗೆ ಹೆಚ್ಚುಕಮ್ಮಿ ಸಮ. ಹತ್ತು ಪಟ್ಟು! ತೆಳ್ಳಗಿದೆ ಅಂತ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳದ ತಂತಿ ಅದು.

ಫೆಬ್ರವರಿ ಪೂರ್ತಿ ಹೊಸ ಮೈ ಕಟ್ಟೋದರಲ್ಲೇ ಹೋಯ್ತು. ಥರ್ಮೋಕೋಲನ್ನ ಬಿಸಿ ನೈಕ್ರೋಮ್ ತಂತಿಯಲ್ಲಿ ಕೊಯ್ದು ರೆಕ್ಕೆ ಮಾಡಿದ. ಹಳೇದರ ದಪ್ಪ ಅದರ ಅಗಲದ ಶೇಕಡಾ 15 ಇತ್ತು, ಇದು ಶೇಕಡಾ 10. ಉದ್ದವೂ ಕಮ್ಮಿ. ಮೇಲೆ ಬ್ರೌನ್ ಪೇಪರನ್ನ ನೀರು ಬೆರೆಸಿದ ಫೆವಿಕಾಲಿನಲ್ಲಿ ಅಂಟಿಸಿ, ಒಣಗಿಸಿ, ಉಜ್ಜಿ, ವಾರ್ನಿಷ್ ಹೊಡೆದು, ಮತ್ತೆ ಉಜ್ಜಿ.... ಅವನಮ್ಮ ರಾತ್ರಿ ಬಂದು "ಇದೇನೋ ಮರಿ, ದೋಸೆ ಕಾವಲಿ ಥರ ಉಜ್ತಾ ಇದೀಯ" ಅಂದ್ರಂತೆ. ಬಾಲ್ಸಾ ಮರದ ಬಾಡಿ, ರಿಸೀವರ್ ಬ್ಯಾಟರಿ ತೂರುವಷ್ಟೇ ಅಗಲ. ಇಷ್ಟೆಲ್ಲ ಸೇರಿ 1.1 ಕೆಜಿ. ಇದೇ 8-6 ಪ್ರೊಪೆಲ್ಲರ್, ಇದೇ ಎಂಜಿನ್. ಬಂದಿದ್ದು ಸರಿಯಾಗಿ 6 ಸೆಕೆಂಡು. 120!

ಆಮೇಲೆ ಶುರುವಾಯ್ತು ಕೀಳೋ ಕೆಲಸ. ಚಕ್ರ ಕಿತ್ತ. ಕೈಯಿಂದಲೇ ಎಸೆದು ಹಾರಿಸೋದು, ಒಣ ಹುಲ್ಲಿನ ಮೇಲೆ ಹೊಟ್ಟೆಯಲ್ಲಿ ಇಳಿಸೋದು. ಹೊರಗೆ ಕಾಣ್ತಿದ್ದ ಕಡ್ಡಿಗಳನ್ನ ಬಾಡಿಯೊಳಗೆ ತಳ್ಳಿದ. ರೆಕ್ಕೆಗೂ ಅದರ ಹಿಂದಿನ ಅಲುಗಾಡೋ ಪಟ್ಟಿಗೂ ಮಧ್ಯೆ ಇರೋ ಸಂದನ್ನ ಟೇಪ್ ಹಚ್ಚಿ ಮುಚ್ಚಿದ. ಎಂಜಿನ್ನಿಗೆ ಮುಚ್ಚಳ ಮಾಡಿದ. ಇಲ್ಲೊಂದು ಸೂಕ್ಷ್ಮ ಇದೆ. ಎಂಜಿನ್ ತಣ್ಣಗಿಡೋ ಗಾಳಿ ಒಳಗೆ ಬರೋ ಬಾಯಿಗಿಂತ ಹೊರಗೆ ಹೋಗೋ ಬಾಯಿ ದೊಡ್ಡದಿರಬೇಕು. ಬಿಸಿಯಾದ ಗಾಳಿ ಹಿಗ್ಗುತ್ತಲ್ಲ. ಇಲ್ಲದಿದ್ರೆ ಗಾಳಿ ಒಳಗೇ ಕಟ್ಟಿಕೊಂಡು ಎಂಜಿನ್ ಬೇಯುತ್ತೆ. ಇಷ್ಟಕ್ಕೆ 5.4 ಸೆಕೆಂಡು, 133.

ಎಂಜಿನ್ನಿಗೆ ಮೇಷ್ಟ್ರು ಕೈ ಹಾಕಿದ್ದು ಕೊನೆಗೆ. ಅದೂ ಒಂದು ಭಾಗವನ್ನೂ ಬದಲಾಯಿಸದೆ. ಪೆಟ್ರೋಲ್ ಬಂಕಿನ ಆಯಿಲ್ಲಿಗೂ ಇದಕ್ಕೂ ಸಂಬಂಧ ಇಲ್ಲ, ನಮ್ಮದು ಶೇಕಡಾ 80 ಮೆಥನಾಲ್, 20 ಹರಳೆಣ್ಣೆ. ಜೊತೆಗೆ ನೈಟ್ರೋಮೀಥೇನ್ ಸೇರಿಸಿದ್ರೆ ಶಕ್ತಿ ಏರುತ್ತೆ, ಆದ್ರೆ ಅದು ದುಬಾರಿ. ಇದು ಬಡವರ ಇಂಧನ ಅಂತ ಮೂಗು ಮುರಿಯಬೇಡಿ, ಅಂತರರಾಷ್ಟ್ರೀಯ ಸ್ಪೀಡ್ ಸ್ಪರ್ಧೆಗಳ ನಿಯಮದ ಇಂಧನವೂ ಇದೇ 80-20. ದಾರ ಕಟ್ಟಿ ಸುತ್ತ ಹಾರಿಸೋ ಎಫ್2ಎ ಸ್ಪರ್ಧೆಯಲ್ಲಿ 2.5 ಸಿಸಿ ಎಂಜಿನ್ನುಗಳು ಇದೇ ಇಂಧನ ಕುಡಿದು ಗಂಟೆಗೆ 300 ಕಿಲೋಮೀಟರ್ ಹತ್ತಿರ ಹೋಗ್ತವೆ. ಆ ಎಂಜಿನ್ನುಗಳು ಸೈಜಿನಲ್ಲಿ ಮಾತ್ರ ಬಡವು, ಬೆಲೆಯಲ್ಲಲ್ಲ ಬಿಡಿ :)

ಟ್ಯಾಂಕನ್ನ ಸೂಜಿ ವಾಲ್ವಿನ ಮಟ್ಟಕ್ಕೆ ತಂದ್ರು. ಟ್ಯಾಂಕ್ ಮೇಲೆ ಕೆಳಗೆ ಆದ್ರೆ ವಿಮಾನ ಮೂತಿ ಎತ್ತಿದಾಗೊಂದು, ಇಳಿಸಿದಾಗೊಂದು ಥರ ಇಂಧನ ಹರಿಯುತ್ತೆ. ಸುತ್ತ ಸ್ಪಂಜು ಸುತ್ತಿದ್ರು, ಇಲ್ಲದಿದ್ರೆ ಎಂಜಿನ್ನಿನ ನಡುಕಕ್ಕೆ ಒಳಗೆ ನೊರೆ ಏಳುತ್ತೆ. ಪ್ರೊಪೆಲ್ಲರಿನ ಎರಡು ಕೈಗಳನ್ನ ತಕ್ಕಡಿ ಹಾಗೆ ತೂಗಿಸಿ, ಭಾರ ಇದ್ದ ಕಡೆ ಉಜ್ಜಿ ಸಮ ಮಾಡಿದ್ರು. ಆಮೇಲೆ ಸೂಜಿ ತಿರುಗಿಸೋ ವಿದ್ಯೆ. ಎಂಜಿನ್ ಪೂರ್ತಿ ಓಡ್ತಿರುವಾಗ ಇಂಧನದ ಪೈಪನ್ನ ಅರೆಕ್ಷಣ ಚಿವುಟಿ ಬಿಡೋದು. ಸುತ್ತು ಏರಿದ್ರೆ ಇಂಧನ ಜಾಸ್ತಿ ಹೋಗ್ತಿದೆ ಅಂತ ಅರ್ಥ. ಏರದೇ ಬಿದ್ದುಹೋದ್ರೆ ಆಗಲೇ ಕಮ್ಮಿ ಆಗಿದೆ. ನೆಲದ ಮೇಲೆ ಅತಿ ಹೆಚ್ಚು ಸುತ್ತು ಬರೋ ಕಡೆ ಸೂಜಿ ಬಿಡಬಾರದು. ಗಾಳಿಯಲ್ಲಿ ಸುತ್ತು ಏರಿದಾಗ ಇಂಧನ ಸಾಲದೆ ಎಂಜಿನ್ ಕಾದು ಸಾಯುತ್ತೆ. "ಸ್ವಲ್ಪ ಹೊಟ್ಟೆತುಂಬಾ ಕೊಟ್ಟು ಕಳಿಸು, ಮೇಲೆ ಹೋಗಿ ಹಸಿವಾಗ್ಲಿ" ಅನ್ನೋರು ಮೇಷ್ಟ್ರು.

ಅಂದ ಹಾಗೆ, ತುಮಕೂರು ಇರೋದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲೆ. ಇಲ್ಲಿ ಗಾಳಿ ಮಂಗಳೂರಿಗಿಂತ ಶೇಕಡಾ 7ರಷ್ಟು ತೆಳು. ಎಂಜಿನ್ನಿಗೆ ಉಸಿರು ಕಮ್ಮಿ, ಶಕ್ತಿಯೂ ಕಮ್ಮಿ. ಆದ್ರೆ ಡ್ರ್ಯಾಗೂ ಅಷ್ಟೇ ಕಮ್ಮಿ! ಸ್ಪೀಡಿನ ಮಟ್ಟಿಗೆ ಲೆಕ್ಕ ಹೆಚ್ಚುಕಮ್ಮಿ ಚುಕ್ತಾ.

ಮಾರ್ಚಿನ ಎರಡನೇ ಭಾನುವಾರ 5.1 ಸೆಕೆಂಡು ಬಂತು. ಗಂಟೆಗೆ 141 ಕಿಲೋಮೀಟರ್.

ಎಲ್ಲರೂ ಕುಣಿಯೋದೊಂದು ಬಾಕಿ. ಹುಡುಗ ಇನ್ನೊಂದು ಸುತ್ತು ಅಂತ ತಿರುಗಿಸಿದ. ಆಗ ಎಂಜಿನ್ ಸದ್ದಿನ ಒಳಗಿಂದ ಇನ್ನೊಂದು ಸದ್ದು ಕೇಳಿಸ್ತು. ಝರ್ರ್.... ಅಂತ, ಕಿಟಕಿಗೆ ಸಿಕ್ಕಿಕೊಂಡ ದುಂಬಿ ಥರ. ನನಗೆ ಅರ್ಥ ಆಗೋ ಮೊದಲೇ ಮೇಷ್ಟ್ರು ಕೂಗಿದ್ರು. "ಥ್ರಾಟ್ಲ್ ಇಳ್ಸೋ! ಇಳ್ಸು, ಇಳ್ಸು! ಮೂತಿ ಎತ್ತು!" ಹುಡುಗ ಇಳಿಸಿದ. ಸದ್ದು ನಿಂತಿತು. ವಿಮಾನ ನಿಧಾನವಾಗಿ ಹುಲ್ಲಿಗೆ ಬಂದು ಕೂತಿತು. ಅವನ ಕೈ ನಡುಗ್ತಿತ್ತು.

ಅದಕ್ಕೆ ಫ್ಲಟರ್ ಅಂತಾರೆ. ಒಂದು ಸ್ಪೀಡು ದಾಟಿದ ಮೇಲೆ ರೆಕ್ಕೆಯ ಹಿಂದಿನ ಪಟ್ಟಿ ಗಾಳಿಗೆ ಬಾವುಟದ ಹಾಗೆ ಬಡಿದುಕೊಳ್ಳೋಕೆ ಶುರು ಮಾಡುತ್ತೆ. ಒಮ್ಮೆ ಶುರುವಾದ್ರೆ ಗಾಳಿಯ ಶಕ್ತಿಯನ್ನೇ ಕುಡಿದು ಹೆಚ್ಚುತ್ತಾ ಹೋಗುತ್ತೆ. ಒಂದೆರಡು ಸೆಕೆಂಡಿನಲ್ಲಿ ರೆಕ್ಕೆಯೇ ಪುಡಿಪುಡಿ ಆಗಬಹುದು. ಬಿಚ್ಚಿ ನೋಡಿದ್ರೆ, ಪಟ್ಟಿಯನ್ನ ಅಲುಗಾಡಿಸೋ ಕಡ್ಡಿ ಸಿಕ್ಕಿಸೋ ತೂತು ಸವೆದು ದೊಡ್ಡದಾಗಿತ್ತು. ಅರ್ಧ ಮಿಲಿಮೀಟರ್ ಇರಬೇಕು, ಅಷ್ಟೇ. 82ರಲ್ಲಿ ಏನೂ ಮಾಡದ ಅರ್ಧ ಮಿಲಿಮೀಟರ್.

ಆವತ್ತು ಕೆರೆಯ ಆ ತುದಿಯಲ್ಲಿ ಇಬ್ಬರು ಹುಡುಗರು ಕುರಿ ಮೇಯಿಸ್ತಿದ್ರು. ಮೇಷ್ಟ್ರು ಅವರ ಕಡೆ ಕೈ ತೋರಿಸಿ ಒಂದು ಲೆಕ್ಕ ಮಾಡಿಸಿದ್ರು. 1.1 ಕೆಜಿ ವಿಮಾನ 141 ಕಿಲೋಮೀಟರಿನಲ್ಲಿ ಹೊತ್ತೊಯ್ಯೋ ಶಕ್ತಿ ಎಷ್ಟು? ನಮ್ಮ ಜಾವಗಲ್ ಶ್ರೀನಾಥ್ ಒಳ್ಳೇ ಫಾರ್ಮಿನಲ್ಲಿದ್ದಾಗ ಎಸೀತಿದ್ದಂಥ 140 ಕಿಲೋಮೀಟರಿನ ಚೆಂಡಿನ ಏಳು ಪಟ್ಟು. ಮೊದಲಿನ 82ಕ್ಕೆ ಹೋಲಿಸಿದ್ರೆ ಮೂರು ಪಟ್ಟು. ಮೇಲಾಗಿ ಮೂತಿಯಲ್ಲಿ ನಿಮಿಷಕ್ಕೆ ಹದಿನೈದು ಸಾವಿರ ಸುತ್ತು ತಿರುಗೋ ಕತ್ತಿ. ಯಾರೂ ಮಾತಾಡಲಿಲ್ಲ. ಎಂಜಿನ್ ಸಣ್ಣದು, ಆದ್ರೆ ಅಪಾಯ ಸಣ್ಣದಲ್ಲ. ಅವತ್ತಿನಿಂದ ಕುರಿಗಳು ಏರಿ ಆಚೆ ಹೋಗೋವರೆಗೂ ಪೂರ್ತಿ ಥ್ರಾಟ್ಲ್ ಕೊಡಬಾರದು ಅನ್ನೋದು ನಮ್ಮ ನಿಯಮ. ಬಾವುಟಗಳ ಗೆರೆಯಿಂದ ಈಚೆಗೆ, ಜನ ನಿಂತಿರೋ ಕಡೆಗೆ ಮೂತಿ ತಿರುಗಿಸೋ ಹಾಗೇ ಇಲ್ಲ. ನೀವೂ ಹಾರಿಸೋರಾದ್ರೆ ಇನ್ನೊಂದು ಮಾತು. 2021ರ ಡ್ರೋನ್ ನಿಯಮಗಳಲ್ಲಿ ಆಕಾಶವನ್ನ ಕೆಂಪು, ಹಳದಿ, ಹಸಿರು ಅಂತ ವಲಯ ಮಾಡಿದ್ದಾರೆ. ನಿಮ್ಮ ಮೈದಾನ ಯಾವುದರಲ್ಲಿ ಬರುತ್ತೆ ಅಂತ ನಕ್ಷೆ ನೋಡಿಕೊಂಡೇ ಹೊರಡಿ.

ಹುಡುಗ ಆ ವಾರ ಸವೆದ ತೂತುಗಳನ್ನೆಲ್ಲ ಬದಲಾಯಿಸಿದ, ಪಟ್ಟಿಗಳನ್ನ ಗಟ್ಟಿ ಮರದಲ್ಲಿ ಹೊಸದಾಗಿ ಮಾಡಿದ. ಮತ್ತೆ 5.1 ಬಂತು, ಈ ಸಲ ದುಂಬಿ ಸದ್ದಿಲ್ಲದೆ.

ಈಗ ಎಲ್ಲರೂ ಬ್ಯಾಟರಿ ಮೋಟಾರಿಗೆ ಹೋಗಿದ್ದಾರೆ, ಈ ಎಣ್ಣೆ ಎಂಜಿನ್ ಯಾಕೆ ಅಂತ ನೀವು ಕೇಳಬಹುದು. ಹೌದು, ನಮ್ಮ ಗುಂಪಿನಲ್ಲೇ ಇಬ್ಬರು ಹೋಗಿದ್ದಾರೆ. ಆದ್ರೆ ಗಾಳಿಗೆ ಎಣ್ಣೆ ಯಾವುದು, ಕರೆಂಟ್ ಯಾವುದು ಅಂತ ಗೊತ್ತಿಲ್ಲ. ಮೋಟಾರ್ ಡಬಲ್ ಮಾಡಿದ್ರೂ ಅದೇ ಶೇಕಡಾ 26, ತಂತಿ ಕಿತ್ತ್ರೂ ಅದೇ ಲಾಭ.

ಯುಗಾದಿ ಮಾರನೇ ಭಾನುವಾರ ಅವನಮ್ಮ ಕೆರೆ ಹತ್ತಿರ ಬಂದಿದ್ರು, ನಮಗೆಲ್ಲ ಒಬ್ಬಟ್ಟು ತಗೊಂಡು. ಮಗನ ವಿಮಾನ ಬಾವುಟದಿಂದ ಬಾವುಟಕ್ಕೆ ಸುಂಯ್ ಅಂತ ಹೋಗೋದನ್ನ ಸೆರಗು ಹಣೆಗೆ ಅಡ್ಡ ಹಿಡಿದು ನೋಡಿದ್ರು. "ಅದೇ ಎಂಜಿನ್ನಾ? ಹಾಗಾದ್ರೆ ಹೊಸದಾಗಿ ಏನು ಹಾಕ್ದೆ?" ಅಂತ ಕೇಳಿದ್ರು.

"ಏನೂ ಹಾಕ್ಲಿಲ್ಲಮ್ಮ, ಬೇಡದ್ದನ್ನ ತೆಗ್ದೆ" ಅಂದ ಹುಡುಗ.

ಅವರ ಕಿವಿಯಲ್ಲಿ ಓಲೆ ಇತ್ತು. ನಾನು ಒಬ್ಬಟ್ಟು ತಿನ್ನೋದರಲ್ಲಿ ಮಗ್ನನಾದೆ.

.46 ಮಾತು ಅವನು ಮತ್ತೆ ಎತ್ತಿಲ್ಲ. ಮುಂದೆ ದುಡಿಯೋಕೆ ಶುರು ಮಾಡಿದ ಮೇಲೆ ಕೊಳ್ತಾನೋ ಏನೋ, ಕೊಳ್ಳಲಿ. ಸದ್ಯಕ್ಕೆ ಅವನ ಕಣ್ಣು ರೆಕ್ಕೆ ಬಂದು ಬಾಡಿಗೆ ಸೇರೋ ಮೂಲೆ ಮೇಲಿದೆ. ಅಲ್ಲಿ ಗಾಳಿ ಸುಳಿ ಕಟ್ಟುತ್ತೆ, ಆ ಮೂಲೆಯನ್ನ ದುಂಡಗೆ ತುಂಬಿದ್ರೆ ಇನ್ನೊಂದು ಹತ್ತನೇ ಒಂದು ಸೆಕೆಂಡ್ ಸಿಗಬಹುದು ಅಂತ ಮೇಷ್ಟ್ರ ಜೊತೆ ವಾದ ನಡೀತಿದೆ. ಕೆರೆಗೆ ನೀರು ಬರೋದರೊಳಗೆ 5 ಸೆಕೆಂಡಿಗೆ ಇಳಿಸಬೇಕು ಅನ್ನೋದು ಅವನ ಗುರಿ. ಇಳಿದ್ರೆ ಇಲ್ಲೇ ಬಂದು ಹೇಳ್ತೀನಿ. ಅಲ್ಲಿವರೆಗೂ, ನಿಮ್ಮ ನಿಮ್ಮ ಗಾಡಿಗಳಲ್ಲಿ ಸುಮ್ಮನೆ ಗಾಳಿ ಹಿಡೀತಿರೋ ತಂತಿಗಳು ಯಾವುವು ಅಂತ ಸ್ವಲ್ಪ ನೋಡಿಕೊಂಡು ಇರಿ :)